ಹಸೆಮಣೆಗೆ ತಂತಿ ಕಟ್ಟಿದವನು

ಬೇಸ್ ಗಿಟಾರಿಗೆ ತಂತಿ ನಾಲ್ಕೇ. ಮಾಮೂಲಿ ಗಿಟಾರಿಗೆ ಆರು. ಎರಡು ತಂತಿ ಕಡಿಮೆ ಎಂದ ಮೇಲೆ ತೊಂದರೆಯೂ ಅಷ್ಟು ಕಡಿಮೆ ಎಂದು ನಾನು ತೀರ್ಮಾನಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಗಣಿತ ಪಾಸು ಮಾಡಿದ್ದು ಹೇಗೆಂದು ನಮ್ಮ ಮೇಷ್ಟ್ರಿಗೇ ಕೊನೆಯವರೆಗೂ ಬಗೆಹರಿಯಲಿಲ್ಲ. ನಿಮಗೂ ಈಗ ಅನುಮಾನ ಬಂದಿದ್ದರೆ ತಪ್ಪಿಲ್ಲ.

ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತನಾದವನು. ಸರ್ವಿಸು ಪೂರ್ತಿ ನಟ್ಟು, ಬೋಲ್ಟು, ವಾಷರು, ಬೇರಿಂಗು ಎಣಿಸಿ ಕೊಟ್ಟಿದ್ದೇನೆ. ಅವುಗಳಿಂದ ಒಳಗೆ ಏನು ಮಾಡುತ್ತಾರೆ ಎಂದು ಒಂದು ದಿನವೂ ಹೋಗಿ ನೋಡಲಿಲ್ಲ. ಆದರೂ ಎಣಿಸಲು ಬಂದವನಿಗೆ ಮಾಡಲೂ ಬರುತ್ತದೆ ಎಂಬ ನಂಬಿಕೆ ಹೇಗೋ ತಲೆಗೆ ಹೊಕ್ಕಿತ್ತು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಸುಟ್ಟುಹೋದ ಫ್ಯಾನು, ಮುರಿದ ಮಂಚ, ಸ್ಕೂಟರಿನ ಹಳೇ ಕೇಬಲ್ಲು, ದನಿ ಹೋದ ರೇಡಿಯೋ ಯಾವುದನ್ನೂ ನಾನು ಗುಜರಿಗೆ ಹಾಕಿದವನಲ್ಲ. "ಒಂದಿನ ಬೇಕಾಗುತ್ತೆ" ಎನ್ನುತ್ತಿದ್ದೆ.

"ಬೇಕಾಗೋ ದಿನ ನೀವೇ ಇರಲ್ಲ" ಎನ್ನುತ್ತಿದ್ದಳು ನನ್ನ ಹೆಂಡತಿ ದಾಕ್ಷಾಯಿಣಿ.

ಆ ದಿನ ಬಂತು. ನಾನೂ ಇದ್ದೆ. ಅನಾಹುತ ಆದದ್ದೇ ಅದರಿಂದ!

ನಮ್ಮ ಪಾರ್ಕಿನಲ್ಲಿ ಹಿರಿಯರದೊಂದು ವಚನ ಗಾಯನ ಬಳಗವಿದೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಸುತ್ತ ಕೂತು ಹಾಡುತ್ತೇವೆ. ಸೇರಿದ ಕೆಲವೇ ದಿನಕ್ಕೆ ಬಳಗದ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಗೌರವದಿಂದ ಹೇಳಿದರು: "ರುದ್ರಪ್ಪನೋರೆ, ನೀವು ಬರೋದು ಮಾತ್ರ ಬಿಡಬೇಡಿ. ಆದ್ರೆ ಹಾಡೋವಾಗ ತುಟಿ ಅಲ್ಲಾಡಿಸಿದ್ರೆ ಸಾಕು."

ಅಂದಿನಿಂದ ನಾನು ತುಟಿ ಅಲ್ಲಾಡಿಸುತ್ತಾ ಬಂದೆ. ಒಳಗೊಳಗೇ ಕುದಿಯುತ್ತಾ ಬಂದೆ. ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ಗುಜರಿ ಸಾಮಾನಿನಿಂದಲೇ ಬೇಸ್ ಗಿಟಾರ್ ಮಾಡಿ ಬಾರಿಸುತ್ತಿದ್ದ. ದುಂ... ದುಂ... ಅಷ್ಟೇ. ಆ ವಾದ್ಯವನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲವಂತೆ; ಆದರೆ ಅದು ನಿಂತರೆ ಎಲ್ಲರಿಗೂ ಏನೋ ಕಳೆದುಹೋದ ಹಾಗೆ ಆಗುತ್ತದಂತೆ. ನನಗೆ ಕಣ್ಣು ತುಂಬಿ ಬಂತು. ಇದು ನನಗಾಗಿಯೇ ಹುಟ್ಟಿದ ವಾದ್ಯ!

ಸರಿಯಾಗಿ ಅದೇ ವಾರ ದಾಕ್ಷಾಯಿಣಿ ಕೆಂಗೇರಿಯ ತಮ್ಮನ ಮನೆಗೆ ಹೊರಟಳು. ತಮ್ಮ ಷಡಕ್ಷರಿಯ ಮಗಳು ಕಾವ್ಯಳಿಗೆ ಗಂಡು ಗೊತ್ತಾಗುವ ಮಾತುಕತೆ ನಡೆದಿತ್ತು. ಮನೆಯಲ್ಲಿ ಹಿರಿಯ ಹೆಂಗಸು ಬೇಕೆಂದು ಅಕ್ಕನನ್ನು ಕರೆಸಿಕೊಂಡಿದ್ದ. ಬ್ಯಾಗು ಹಿಡಿದು ಗೇಟಿನ ಬಳಿ ನಿಂತು ಆಕೆ ನನಗೆ ಮೂರು ಆಜ್ಞೆ ಕೊಟ್ಟಳು.

"ಹಾಲು ಉಕ್ಕಿಸ್ಬೇಡಿ. ಗ್ಯಾಸ್ ಆಫ್ ಮಾಡೋದು ಮರೀಬೇಡಿ. ಮನೇಲಿರೋ ಯಾವ್ದನ್ನೂ ಬಿಚ್ಚಬೇಡಿ."

ಹಾಲು ಉಕ್ಕಿಸಲಿಲ್ಲ. ಗ್ಯಾಸ್ ಮರೆಯಲಿಲ್ಲ. ಈ ಎರಡನ್ನಾದರೂ ದಯವಿಟ್ಟು ನನ್ನ ಖಾತೆಗೆ ಜಮಾ ಮಾಡಿಕೊಳ್ಳಿ.

ಪಕ್ಕದ ಮನೆಯ ರಾಮಾಂಜಿನಪ್ಪ ನನ್ನ ವಯಸ್ಸಿನವನೇ. ಅವನ ಬಳಿ ಕರೆಂಟಿನ ಗರಗಸವೊಂದಿದೆ. ಅಳಿಯ ಉಡುಗೊರೆ ಕೊಟ್ಟದ್ದು. ಬಳಸಲು ಹೆಂಡತಿ ಬಿಟ್ಟಿಲ್ಲ. ವಿಷಯ ಕೇಳಿದವನೇ ಗರಗಸ ಎತ್ತಿಕೊಂಡು ಓಡಿ ಬಂದ.

"ಗಿಟಾರಾ? ಮಾಡೋಣ ಬನ್ನಿ ರುದ್ರಪ್ಪನೋರೆ. ಅದೇನ್ ರಾಕೆಟ್ಟಾ?"

ಮಂಚದ ಉದ್ದನೆಯ ಪಟ್ಟಿ ಗಿಟಾರಿನ ಕತ್ತಾಯಿತು. ಸುಟ್ಟ ಫ್ಯಾನಿನ ತಾಮ್ರದ ತಂತಿಯನ್ನು ಬಿಚ್ಚಿ, ರೇಡಿಯೋ ಸ್ಪೀಕರಿನ ಅಯಸ್ಕಾಂತಕ್ಕೆ ಸುತ್ತಿದ್ದಾಯಿತು. ಸದ್ದು ಹಿಡಿಯುವ ಕಿವಿ ಅದೇ. ತಂತಿಗಳ ವಿಷಯದಲ್ಲಿ ನನ್ನ ಸ್ಟೋರ್ ಕೀಪರ್ ಬುದ್ಧಿ ಬೆಳಗಿತು. ದಪ್ಪದ್ದಕ್ಕೆ ಸ್ಕೂಟರಿನ ಕ್ಲಚ್ ಕೇಬಲ್ಲು, ಅದಕ್ಕಿಂತ ಸಣ್ಣದಕ್ಕೆ ಬ್ರೇಕ್ ಕೇಬಲ್ಲು, ಆಮೇಲೆ ಆಕ್ಸಿಲರೇಟರು, ಕೊನೆಗೆ ಮೊಮ್ಮಗನ ಸೈಕಲ್ಲಿನ ಗೇರ್ ವೈರು. ನಾಲ್ಕನ್ನೂ ನೆಲದ ಮೇಲೆ ಸಾಲಾಗಿ ಇಟ್ಟಾಗ ನನಗೆ ನನ್ನ ಮೇಲೆ ಎಷ್ಟು ಗೌರವ ಬಂತೆಂದರೆ, ಎದ್ದು ನಿಂತೆ.

ಉಳಿದದ್ದು ಒಡಲು. ಅದಕ್ಕೆ ಅಗಲವಾದ, ಗಟ್ಟಿಯಾದ, ಚೆನ್ನಾಗಿ ಒಣಗಿದ ಹಲಗೆ ಬೇಕು. ಅಡುಗೆಮನೆಯ ಮೇಲಿನ ಸಜ್ಜೆಗೆ ಏಣಿ ಹಾಕಿದೆ. ಹಳೇ ಕೊಳಗಗಳ ಹಿಂದೆ, ಗೋಣಿಚೀಲದಲ್ಲಿ ಸುತ್ತಿ, ಅದರ ಮೇಲೆ ಹಳೇ ಸೀರೆ ಸುತ್ತಿ, ಗೋಡೆಗೆ ಒರಗಿಸಿಟ್ಟ ಒಂದು ಹಲಗೆ ಸಿಕ್ಕಿತು. ಹೊಗೆ, ಜಿಡ್ಡು ಹಿಡಿದು ಕಪ್ಪಗಾಗಿತ್ತು. ಅಡಿಯಲ್ಲಿ ಎರಡು ಪಟ್ಟಿ ಹೊಡೆದಿದ್ದರು. ಬೆರಳಿನಿಂದ ಕುಟ್ಟಿದೆ. ಕಣಕಣ ಎಂದಿತು!

ಇಷ್ಟು ಜೋಪಾನವಾಗಿ ಸುತ್ತಿಟ್ಟದ್ದು ಏಕಿರಬಹುದು ಎಂದು ಯಾವ ಬುದ್ಧಿವಂತನಾದರೂ ಒಂದು ನಿಮಿಷ ಯೋಚಿಸುತ್ತಿದ್ದ. ನಾನು ಯೋಚಿಸಲಿಲ್ಲ. ನಮ್ಮ ಸ್ಟೋರಿನ ನಿಯಮವೇ ಬೇರೆ: ಬಹಳ ಕಾಲ ಯಾರೂ ಕೇಳದ ಮಾಲು ವಿಲೇವಾರಿಗೆ ಯೋಗ್ಯ.

ಪಟ್ಟಿ ಕಿತ್ತೆವು. ಸೀಮೆಸುಣ್ಣದಲ್ಲಿ ಗಿಟಾರಿನ ಆಕಾರ ಬರೆದೆವು. ಒಳ್ಳೆಯ ಮರ ವ್ಯರ್ಥವಾಗಬಾರದೆಂದು ನಾನು ಆಕಾರವನ್ನು ಆದಷ್ಟು ದೊಡ್ಡದಾಗಿ ಬರೆದೆ. ಹಾಗಾಗಿ ಅದು ಗಿಟಾರಿಗಿಂತ ಹೆಚ್ಚಾಗಿ ಮಲಗಿದ ಎಮ್ಮೆಯಂತೆ ಕಾಣುತ್ತಿತ್ತು. ಸೊಂಟದ ಎರಡು ಕಡೆ, ಹೆಗಲಿನ ಎರಡು ಕಡೆ, ಒಟ್ಟು ನಾಲ್ಕು ತುಂಡು ಗರಗಸಕ್ಕೆ ಸಿಕ್ಕಿ ಕೆಳಗೆ ಬಿದ್ದವು. ಕತ್ತು ಕೂರಿಸಲು ನಾಲ್ಕು ತೂತು ಕೊರೆದೆವು. ಅಯಸ್ಕಾಂತ ಕೂರಿಸಲು ನಡುವೆ ಚೌಕದ ಕಿಂಡಿ ಕೆತ್ತಿದೆವು. ರಾಮಾಂಜಿನಪ್ಪ ಒಂದು ತುಂಡನ್ನು, "ನಮ್ಮ ವಾಷಿಂಗ್ ಮಿಷನ್ ಕಾಲು ಕುಂಟುತ್ತೆ, ಅಡಿಗಿಡೋಕೆ ಆಗುತ್ತೆ" ಎಂದು ಜೇಬಿಗೆ ಹಾಕಿಕೊಂಡ.

ತಾಳ್ಮೆ ಇಲ್ಲದೆ ಅಲ್ಲೇ ಕತ್ತು ಬಿಗಿದು, ಕ್ಲಚ್ ಕೇಬಲ್ಲನ್ನು ಎಳೆದು ಕಟ್ಟಿ, ರಾಮಾಂಜಿನಪ್ಪನ ಹಳೇ ಟೇಪ್ ರೆಕಾರ್ಡರಿಗೆ ವೈರು ಕೊಟ್ಟು, ಹೆಬ್ಬೆರಳಿನಿಂದ ಮೀಟಿದೆ.

ದುಂ!

ಕಿಟಕಿಯ ಗಾಜು ನಡುಗಿತು. ಬೀದಿಯ ನಾಯಿ ಎದ್ದು ಕೂತಿತು. ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ಆ ಒಂದು ಕ್ಷಣ ನಾನು ಸುಖಿಯಾಗಿದ್ದೆ. ಅದೊಂದೇ ಕ್ಷಣ. ಈಗಲೂ ಅದನ್ನು ನೆನೆಸಿಕೊಂಡೇ ಜೀವ ಹಿಡಿದಿದ್ದೇನೆ.

ಮಾರನೆಯ ದಿನ ಕತ್ತು, ತಂತಿ ಬಿಚ್ಚಿಟ್ಟು, ಒಬ್ಬನೇ ಕೂತು ಒಡಲಿಗೆ ಸ್ಯಾಂಡ್ ಪೇಪರ್ ಉಜ್ಜಲು ಶುರು ಮಾಡಿದೆ. ಕಪ್ಪು ಜಿಡ್ಡು ಹೋಯಿತು. ಅದರ ಕೆಳಗೆ ಕಂದು. ಇನ್ನೂ ಉಜ್ಜಿದೆ. ಕಂದು ಹೋಗಿ ಹಳದಿ ಬಂತು. ಪುಡಿ ಹಾರಿ ಮೂಗಿಗೆ ಬಡಿಯಿತು.

ಅರಿಶಿನದ ವಾಸನೆ.

ಮರಕ್ಕೆ ಎಲ್ಲಿಂದ ಬಂತು ಅರಿಶಿನ? ಮತ್ತೆ ಉಜ್ಜಿದೆ. ಇನ್ನೂ ಜೋರಾಗಿ ಬಂತು. ಒಂದು ದಿನ ಹಚ್ಚಿದ ಅರಿಶಿನವಲ್ಲ. ಮರ ಕುಡಿದು ಕುಡಿದು ತುಂಬಿಕೊಂಡ ಅರಿಶಿನ. ಕೈ ತಾನಾಗಿಯೇ ನಿಂತಿತು. ಸರಿಯಾಗಿ ಆಗಲೇ ಫೋನು ಹೊಡೆದುಕೊಂಡಿತು. ದಾಕ್ಷಾಯಿಣಿ.

"ರೀ, ಕಾವ್ಯಂಗೆ ಗೊತ್ತಾಯ್ತು! ಹುಡುಗ ಚೆನ್ನಾಗಿದಾನೆ. ಬರೋ ತಿಂಗಳೇ ಮದುವೆ, ವಿಜಯನಗರದಲ್ಲಿ ಛತ್ರ ಸಿಕ್ಕಿದೆ. ಕೇಳಿಸ್ತಿದೆಯಾ?"

"ಕೇಳಿಸ್ತಿದೆ."

"ಹಂಗೇ ಒಂದು ಕೆಲಸ. ಸಜ್ಜೆ ಮೇಲೆ ನಮ್ಮ ತವರಿನ ಹಸೆಮಣೆ ಇದೆ. ಸೀರೇಲಿ ಸುತ್ತಿಟ್ಟಿದೀನಿ. ಅದನ್ನ ಹುಷಾರಾಗಿ ಇಳಿಸಿಡಿ. ಯಾಕ್ರೀ, ಮಾತೇ ಇಲ್ಲ?"

"ಖುಷಿಗೆ" ಎಂದೆ.

ಈ ಮಣೆಯ ಕಥೆ ಹೇಳಬೇಕು. ದಾಕ್ಷಾಯಿಣಿಯ ತವರಿನಲ್ಲಿ ಯಾರ ಮದುವೆಯಾದರೂ ವಧೂವರರು ಕೂರುವುದು ಈ ಒಂದೇ ಮಣೆಯ ಮೇಲೆ. ಮದುವೆ ಮುಗಿದ ಮೇಲೆ ಅದು ಆ ಮನೆಯಲ್ಲೇ ಉಳಿಯುತ್ತದೆ. ಮುಂದಿನ ಮದುವೆ ಯಾರ ಮನೆಯಲ್ಲೋ ಅವರಿಗೆ ದಾಟುತ್ತದೆ. ಕಡೆಯ ಮದುವೆ ನಮ್ಮ ಮಗಳದ್ದಾಗಿತ್ತು. ದಾಕ್ಷಾಯಿಣಿಯ ತಾಯಿ, ಚಿಕ್ಕಮ್ಮ, ಅವಳು, ನಮ್ಮ ಮಗಳು, ಎಲ್ಲರೂ ಅದರ ಮೇಲೆ ಕೂತವರು.

ನಾನೂ ಕೂತಿದ್ದೆ! ಅದನ್ನು ಗುರುತಿಸಲಿಲ್ಲವೇ ಎಂದು ನೀವು ಕೇಳಬಹುದು. ಸ್ವಾಮಿ, ಮದುವೆಯ ದಿನ ಅದರ ಮೇಲೆ ಬಟ್ಟೆ ಹಾಸಿರುತ್ತಾರೆ. ಅಲ್ಲದೆ ಮಣೆ ನೋಡುವವರಿಗೆ ಕಾಣುತ್ತದೆಯೇ ಹೊರತು ಕೂತವನಿಗೆ ಕಾಣುವುದಿಲ್ಲ. ಮಗಳ ಮದುವೆಯಲ್ಲಿ ನಾನು ಅಡುಗೆಯವರ ಹಿಂದೆಯೇ ಓಡಾಡುತ್ತಿದ್ದೆ.

ರಾಮಾಂಜಿನಪ್ಪನನ್ನು ಕರೆದು ವಿಷಯ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

"ರುದ್ರಪ್ಪನೋರೆ, ಗರಗಸ ನಂದು ಅಂತ ಯಾರಿಗೂ ಹೇಳ್ಬೇಡಿ."

"ಹೇಳಲ್ಲ ಕಣಯ್ಯ. ಈಗೇನ್ ಮಾಡೋದು?"

"ದಾಕ್ಷಾಯಿಣಮ್ಮನಿಗೆ ಹೇಳ್ಬಿಡಿ."

ಎಂಥ ಸರಳ ಸಲಹೆ! ನಾನು ಹೇಳಿಬಿಡುತ್ತಿದ್ದೆ. ಆದರೆ ಕಣ್ಣು ಮುಚ್ಚಿದರೆ ದಾಕ್ಷಾಯಿಣಿಯ ಮುಖ ಕಾಣುತ್ತಿತ್ತು. ಸಿಟ್ಟಿನ ಮುಖವಾಗಿದ್ದರೆ ಹೆದರುತ್ತಿರಲಿಲ್ಲ, ಅದು ದಿನಾ ನೋಡಿದ್ದೇ. ನನಗೆ ಕಂಡದ್ದು ಅವಳ ತಾಯಿ ತೀರಿಕೊಂಡ ದಿನದ ಮುಖ. ಅದಕ್ಕೆ ಹೆದರಿದೆ. ಹೆದರಿದವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಮುಚ್ಚಿಹಾಕಲು ಹೊರಟೆ.

ಮೊದಲು ತುಂಡುಗಳು ಬೇಕು. ಮೂರು ನನ್ನ ಬಳಿಯೇ ಇದ್ದವು. ನಾಲ್ಕನೆಯದು ರಾಮಾಂಜಿನಪ್ಪನ ವಾಷಿಂಗ್ ಮಿಷನ್ನಿನ ಅಡಿ. ಅವನು ಹೆಂಡತಿ ತರಕಾರಿಗೆ ಹೋದಾಗ ಅದನ್ನು ಎಳೆದು ತಂದ. ಮಿಷನ್ ಓಡುತ್ತಿತ್ತು ಎಂಬುದನ್ನು ಗಮನಿಸಲಿಲ್ಲ. ಅದು ಕುಣಿದು ಕುಣಿದು ಬಚ್ಚಲಿನಿಂದ ನಡುಮನೆಯವರೆಗೆ ಬಂದು, ಬಾಗಿಲು ತೆಗೆದು ಒಳಬಂದ ಅವನ ಹೆಂಡತಿಯನ್ನು ಸ್ವಾಗತಿಸಿತಂತೆ. ಅವನು ನಮ್ಮ ಮನೆಗೆ ಬಂದಾಗ ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ.

ಆಮೇಲೆ ಅಂಟಿಸುವ ಕೆಲಸ. ಮರದ ಬಿಳಿ ಗೋಂದನ್ನು ಧಾರಾಳವಾಗಿ ಬಳಿದು, ತುಂಡುಗಳನ್ನು ಕೂರಿಸಿ, ಹಗ್ಗದಿಂದ ಬಿಗಿದೆವು. ಗರಗಸ ತಿಂದ ಸಂದುಗಳಿಗೆ, ತೂತುಗಳಿಗೆ, ನಡುವಿನ ಕಿಂಡಿಗೆ ಮರದ ಹೊಟ್ಟು ಮತ್ತು ಗೋಂದನ್ನು ಕಲಸಿ ಮೆತ್ತಿದೆವು. ಅಡಿಯ ಪಟ್ಟಿಗಳನ್ನೂ ಅದೇ ಗೋಂದಿನಿಂದ ಅಂಟಿಸಿದೆವು. ಮೊಳೆ ಹೊಡೆದರೆ ಒಡೆದೀತೆಂಬ ಭಯ.

"ನೀರು ಬಿದ್ರೆ ಬಿಟ್ಕೊಳಲ್ವೇನಯ್ಯಾ ಇದು?" ಎಂದೆ.

"ಮಣೆಗೆ ಯಾಕ್ರೀ ನೀರು? ಅದೇನ್ ಮೀನಾ?" ಎಂದ ರಾಮಾಂಜಿನಪ್ಪ.

ನನಗೂ ಸರಿ ಎನ್ನಿಸಿತು.

ಬಣ್ಣ ಉಳಿಯಿತು. ಉಜ್ಜಿದ ಜಾಗ ಹಳದಿ, ಮಿಕ್ಕದ್ದು ಕಪ್ಪು, ಮೆತ್ತಿದ್ದು ಬಿಳಿ. ಮಣೆ ಚರ್ಮರೋಗ ಬಂದಂತೆ ಕಾಣುತ್ತಿತ್ತು. ಕೈಗೆ ಸಿಕ್ಕಿದ್ದು ನನ್ನ ಬೂಟ್ ಪಾಲಿಶ್. ಹಸೆಮಣೆಗೆ ಬೂಟ್ ಪಾಲಿಶ್! ಇಷ್ಟಲಿಂಗಕ್ಕೆ ಎರಡು ಸಲ ಕ್ಷಮೆ ಕೇಳಿ, ಎರಡು ಕೋಟು ಹೊಡೆದೆ. ಒಣಗಿದ ಮೇಲೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

ಅದೇ ಸೀರೆಯಲ್ಲಿ ಸುತ್ತಿ, ಯಾರೂ ಬಿಚ್ಚಲಾರದಂತೆ ಗಂಟು ಹಾಕಿದೆ.

ದಾಕ್ಷಾಯಿಣಿ ಬಂದವಳೇ ಮಣೆ ನೋಡಲು ಹೋದಳು. ನಾನು ಅಡ್ಡ ನಿಂತೆ.

"ಬಿಚ್ಚಬೇಡ ಕಣೇ. ಛತ್ರದಲ್ಲೇ ಬಿಚ್ಚೋಣ. ಸುಮ್ನೆ ದೃಷ್ಟಿಯಾಗುತ್ತೆ. ಅಲ್ಲೀವರೆಗೆ ಸಜ್ಜೆ ಮೇಲೇ ಇರ್ಲಿ."

ಅವಳು ನನ್ನನ್ನು ತುಂಬಾ ಹೊತ್ತು ನೋಡಿದಳು.

"ನಮ್ಮ ತವರಿನ ವಸ್ತುಗೆ ನೀವು ಇಷ್ಟು ಮರ್ಯಾದೆ ಕೊಟ್ಟಿದ್ದು ಇದೇ ಮೊದಲು ಕಣ್ರೀ" ಎಂದಳು. ದನಿ ಮೆತ್ತಗಾಗಿತ್ತು. ಅಂದು ನನಗೆ ಕೇಳದೆಯೇ ಗಸಗಸೆ ಪಾಯಸ ಸಿಕ್ಕಿತು. ಒಂದೊಂದು ಗುಟುಕೂ ಗಂಟಲಿನಲ್ಲಿ ನಿಂತು ನನ್ನನ್ನು ವಿಚಾರಿಸಿಕೊಂಡು ಇಳಿಯಿತು.

ಆ ತಿಂಗಳು ನಾನು ಬದುಕಿದ ರೀತಿ ಶತ್ರುವಿಗೂ ಬೇಡ. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದೆ. ಷಡಕ್ಷರಿಯ ಫೋನು ಬಂದರೆ ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಸಜ್ಜೆಯ ಕಡೆಯಿಂದ 'ಟಕ್' ಎಂಬ ಸದ್ದು ಕೇಳಿ, ತುಂಡೊಂದು ಬಿಟ್ಟುಕೊಂಡಿತೆಂದು ಏಣಿ ಹತ್ತಿ ನೋಡಿದರೆ, ಹಲ್ಲಿ! ಪಾರ್ಕಿನ ಬಳಗದಲ್ಲಿ ತುಟಿ ಅಲ್ಲಾಡಿಸುವುದನ್ನೂ ನಿಲ್ಲಿಸಿದೆ. ಅಧ್ಯಕ್ಷರು ಹತ್ತಿರ ಬಂದು, "ಹುಷಾರಿಲ್ವಾ? ಇವತ್ತು ನಿಮ್ಮ ದನಿ ಕಾಣಿಸ್ಲೇ ಇಲ್ಲ" ಎಂದರು.

ಮದುವೆಯ ಹಿಂದಿನ ದಿನ ಆಟೋದಲ್ಲಿ ಹೊರಟೆವು. ನನ್ನ ತೊಡೆಯ ಮೇಲೆ ಅಡ್ಡಲಾಗಿ ಮಣೆ. ಆಟೋದವನು ರಸ್ತೆಯ ಗುಂಡಿಗಳನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾ ಹೋಗುತ್ತಿದ್ದ. ಪ್ರತಿ ಗುಂಡಿಗೂ ನಾನು ಮಣೆಯನ್ನು ಮಗುವಿನಂತೆ ಅವುಚಿಕೊಳ್ಳುತ್ತಿದ್ದೆ.

ದಾಕ್ಷಾಯಿಣಿ ಮೂಗು ಅರಳಿಸಿದಳು. "ಎಲ್ಲೋ ಬೂಟ್ ಪಾಲಿಶ್ ವಾಸನೆ ಬರ್ತಿದೆಯಲ್ರೀ."

"ಆಟೋದವರು ಹಾಕ್ಕೊಂಡಿದಾರೆ" ಎಂದೆ.

ಆಟೋದವನು ತನ್ನ ಹವಾಯಿ ಚಪ್ಪಲಿಯ ಕಡೆ ನೋಡಿ, ಕನ್ನಡಿಯಲ್ಲಿ ನನ್ನ ಕಡೆ ನೋಡಿ, ಏನೋ ಸಂಸಾರದ ವಿಷಯ ಎಂದು ಸುಮ್ಮನಾದ.

"ಹೋದ ತಕ್ಷಣ ಮೊದಲು ಮಣೆ ತೊಳೆಯೋ ಶಾಸ್ತ್ರ ಮುಗಿಸ್ಬಿಡಬೇಕು" ಎಂದಳು ದಾಕ್ಷಾಯಿಣಿ.

ನನಗೆ ಆಟೋ ನಿಂತಂತಾಯಿತು. ಆಟೋ ಓಡುತ್ತಿತ್ತು. ನಿಂತದ್ದು ನಾನು.

"ತೊಳೆಯೋ... ಅಂದ್ರೆ? ಒರೆಸೋದಾ?"

"ಒರೆಸೋದಲ್ರೀ, ತೊಳೆಯೋದು. ಐದು ಜನ ಮುತ್ತೈದೇರು ಬಿಂದಿಗೆಗಟ್ಟಲೆ ಅರಿಶಿನದ ನೀರು ಹಾಕಿ ತೊಳೀತಾರೆ. ನಮ್ಮ ಮದುವೇಲಿ ನಮ್ಮವ್ವ ತೊಳ್ದಿದ್ಲು. ಆಮೇಲೆ ಇಡೀ ಮಣೆಗೆ ತಾನೇ ಅರಿಶಿನ ಹಚ್ಚಿದ್ಲು. ಆ ಅರಿಶಿನ ಇನ್ನೂ ಅದರಲ್ಲಿದೆ ಅಂತ ನಂಗನ್ಸುತ್ತೆ." ಸೀರೆಯ ಗಂಟಿನ ಮೇಲೆ ಕೈಯಾಡಿಸಿದಳು. "ನಿಮಗೇನ್ ಗೊತ್ತು, ನೀವು ಆಗ ಕಾಫಿ ಹುಡುಕ್ತಿದ್ರಿ."

ನಿಜ. ಅದು ಹೆಂಗಸರ ಶಾಸ್ತ್ರ. ಎರಡು ಮದುವೆಯಲ್ಲೂ ಆ ಹೊತ್ತಿಗೆ ನಾನು ಕಾಫಿ ಹುಡುಕುತ್ತಿದ್ದೆ. ಆ ಅರಿಶಿನವನ್ನು ಈಗ ನಾನು ಉಜ್ಜಿ, ಪುಡಿ ಮಾಡಿ, ಗುಡಿಸಿ, ಕಸದ ಗಾಡಿಗೆ ಹಾಕಿದ್ದೆ. ನನಗೆ ಅಳು ಬಂತು. ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ. ಆಟೋ ಗುಂಡಿಗೆ ಬಿತ್ತು. ಬಾಯಿ ಮುಚ್ಚಿಕೊಂಡಿತು.

ಛತ್ರದ ಹಿತ್ತಲಿನಲ್ಲಿ ಎಲ್ಲ ಸಿದ್ಧವಾಗಿತ್ತು. ಹಿರಿಯರೆಂದರೆ ದಾಕ್ಷಾಯಿಣಿಯ ಚಿಕ್ಕಮ್ಮ ಗಂಗವ್ವ. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮಾತ್ರ ಹದ್ದಿನದು. ಕುರ್ಚಿ ಹಾಕಿಸಿಕೊಂಡು ಉಸ್ತುವಾರಿಗೆ ಕೂತಿದ್ದರು. ಪಕ್ಕದಲ್ಲಿ ಗಂಡಿನ ತಾಯಿ, ರೇಷ್ಮೆ ಸೀರೆಯಲ್ಲಿ. ಷಡಕ್ಷರಿ ಓಡಿ ಬಂದು ಗಂಟು ಬಿಚ್ಚಿದ.

"ಏನ್ ಭಾವ, ಮಣೆ ಮಿರಮಿರ ಅಂತಿದೆ! ಪಾಲಿಶ್ ಮಾಡ್ಸಿದ್ರಾ?"

"ಸ್ವಲ್ಪ" ಎಂದೆ.

ಐದು ಬಿಂದಿಗೆ ಸಾಲಾಗಿ ನಿಂತಿದ್ದವು. ನನ್ನ ಕಣ್ಣಿಗೆ ಐದು ಫಿರಂಗಿಗಳಂತೆ ಕಂಡವು. ಕೊನೆಯ ಪ್ರಯತ್ನ ಮಾಡಿದೆ.

"ಚಿಕ್ಕಮ್ಮ, ಮರ ಹಳೇದು. ನೀರು ಯಾಕೆ? ಎರಡು ಹನಿ ಚಿಮುಕಿಸಿದ್ರೆ ಸಾಲ್ದಾ? ಈಗ ಬೇರೆ ನೀರಿಗೆ ಎಷ್ಟು ಕಷ್ಟ..."

"ಯಾಕಪ್ಪಾ, ಟ್ಯಾಂಕರಿಗೆ ನೀನು ದುಡ್ಡು ಕೊಟ್ಟಿದೀಯಾ?" ಎಂದರು ಗಂಗವ್ವ. "ಗಂಡಸರಿಗೆ ಇಲ್ಲೇನ್ ಕೆಲಸ? ಹೋಗು, ಕಾಫಿ ಕುಡಿ."

ಜೀವಮಾನದಲ್ಲಿ ಮೊದಲ ಬಾರಿ ನನಗೆ ಕಾಫಿ ಬೇಡವಾಗಿತ್ತು. ಕಂಬದ ಹಿಂದೆ ನಿಂತೆ.

ಮೊದಲ ಬಿಂದಿಗೆ ಬಿತ್ತು. ಹೆಂಗಸರು ಸೋಬಾನೆ ಹಾಡುತ್ತಾ ಕೈಯಿಂದ ಉಜ್ಜಿದರು. ಕಪ್ಪು ನೀರು ಹರಿಯಿತು. "ಧೂಳು ಬಹಳ ಕೂತಿದೆ" ಎಂದರು ಯಾರೋ. ಎರಡನೆಯ ಬಿಂದಿಗೆ ಬಿತ್ತು. ನಡುವೆ ಮೆತ್ತಿದ್ದು ಗಂಜಿಯಂತಾಗಿ, ಕಿಂಡಿ ತೆರೆದುಕೊಂಡು, ನೀರು ಬುಳಬುಳನೆ ಕೆಳಗಿಳಿಯಿತು. ಹಾಡು ಸ್ವಲ್ಪ ಕುಂಟಿತು. ಮೂರನೆಯದನ್ನು ಹಾಕಿದವಳು ದಾಕ್ಷಾಯಿಣಿ. ಇಬ್ಬರು ಹೆಂಗಸರು ಮಣೆಯನ್ನು ಎರಡು ಬದಿ ಹಿಡಿದು ಓರೆಯಾಗಿ ಎತ್ತಿದರು. ನಾಲ್ಕು ತೂತಿನಿಂದ ನಾಲ್ಕು ಅರಿಶಿನದ ಕಾರಂಜಿ ಚಿಮ್ಮಿತು. ಒಂದು ನೇರವಾಗಿ ಗಂಡಿನ ತಾಯಿಯ ರೇಷ್ಮೆಗೆ!

ಆಮೇಲೆ ಟಪ್. ಒಂದು ತುಂಡು. ಟಪ್, ಟಪ್. ಎರಡು, ಮೂರು. ಅಡಿಯ ಪಟ್ಟಿಗಳೆರಡೂ ಒಟ್ಟಿಗೇ ಕಳಚಿಕೊಂಡವು. ನಾಲ್ಕನೆಯ ತುಂಡು, ವಾಷಿಂಗ್ ಮಿಷನ್ನಿನದು, ಸ್ವಲ್ಪ ಹೊತ್ತು ಮರ್ಯಾದೆಗೆ ಅಂಟಿಕೊಂಡಿದ್ದು, ಅದೂ ಬಿತ್ತು.

ಸೋಬಾನೆ ನಿಂತಿತು.

"ಇದೇನ್ರೇ ಇದು?" ಎಂದರು ಗಂಗವ್ವ. "ಮಣೆಗೆ ಹೆರಿಗೆ ಆಯ್ತಾ?"

ಮೈಗೆ ಅರಿಶಿನ ಹಚ್ಚಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಕಾವ್ಯ, ಹೆಂಗಸರ ಕೈಯಲ್ಲಿ ಉಳಿದದ್ದನ್ನು ದಿಟ್ಟಿಸಿ ನೋಡಿ, "ಅತ್ತೆ, ಇದು ಗಿಟಾರ್!" ಎಂದಳು.

ಯಾರೋ ಹಿಂದಿನಿಂದ "ಅಪಶಕುನ" ಎಂದು ಪಿಸುಗುಟ್ಟಿದರು. ಷಡಕ್ಷರಿಯ ಮುಖದಲ್ಲಿ ರಕ್ತವಿರಲಿಲ್ಲ. ಅವನು ನನ್ನನ್ನು ನೋಡಲಿಲ್ಲ. ಗಂಡಿನ ತಾಯಿಯನ್ನು ನೋಡುತ್ತಿದ್ದ. ನನ್ನ ಹೆದರಿಕೆ ಅಲ್ಲಿಯವರೆಗೆ ನನ್ನ ಬಗ್ಗೆ ಮಾತ್ರ ಇತ್ತು. ಈಗ ಅದು ಆ ಹುಡುಗಿಯ ಕಡೆ ತಿರುಗಿತು. ಒಂದು ಮದುವೆ ನನ್ನ ಗೋಂದಿನಿಂದ ಬಿಟ್ಟುಕೊಂಡರೆ?

ಕಂಬದ ಹಿಂದಿನಿಂದ ಹೊರಬಂದೆ. ಕೈಮುಗಿದೆ.

"ಅಪಶಕುನ ಅಲ್ಲ. ನಾನು" ಎಂದೆ.

ಎಲ್ಲವನ್ನೂ ಹೇಳಿದೆ. ತುಟಿ ಅಲ್ಲಾಡಿಸುವುದರಿಂದ ಹಿಡಿದು ಗೋಂದಿನವರೆಗೆ. ರಾಮಾಂಜಿನಪ್ಪನ ಗರಗಸ ಒಂದನ್ನು ಬಿಟ್ಟೆ, ಮಾತು ಕೊಟ್ಟಿದ್ದೆನಲ್ಲ. ಬೂಟ್ ಪಾಲಿಶನ್ನೂ ಬಿಟ್ಟೆ. ಅದನ್ನು ಈಗ ಇಲ್ಲಿ ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಿದ್ದೇನೆ. ಹೇಳುವಷ್ಟು ಹೊತ್ತೂ ದಾಕ್ಷಾಯಿಣಿಯ ಕಡೆ ನೋಡಲಿಲ್ಲ. ಕೊನೆಗೆ ನೋಡಿದೆ. ನಾನು ಹೆದರಿದ್ದ ಆ ಮುಖವೇ ಇತ್ತು. ಕೆಳಗೆ ಕೂತು, ಬಿದ್ದ ತುಂಡುಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸುತ್ತಿದ್ದಳು. ಒಂದನ್ನು ಮೂಗಿನ ಬಳಿ ಹಿಡಿದಳು.

ಮಾತಾಡಿದ್ದು ಗಂಗವ್ವ.

"ಆ ಮಣೆ ಇಲ್ಲಿ ತನ್ನಿ." ಮುಂದಿಟ್ಟರು. ಕೈಯಲ್ಲಿ ತಡವಿ ನೋಡಿದರು. "ಇದೇನು ದೇವಲೋಕದಿಂದ ಇಳಿದಿದ್ದಲ್ಲ. ನಮ್ಮಪ್ಪ ಮುರಿದ ಎತ್ತಿನ ಗಾಡಿ ಹಲಗೆ ತಗೊಂಡು ನಮ್ಮಕ್ಕನ ಮದುವೆಗೆ ಮಾಡಿದ್ದು. ಗಾಡಿ ಹೋಗಿ ಮಣೆ ಆಯ್ತು. ಈಗ ಈ ಪುಣ್ಯಾತ್ಮ ಗಿಟಾರ್ ಮಾಡಿದಾನೆ."

ನನಗೆ ಸ್ವಲ್ಪ ಜೀವ ಬಂತು. "ಹೌದು ಚಿಕ್ಕಮ್ಮ, ನಾನೂ ಅವರ ಹಾಗೇನೇ..."

"ಅವನಿಗೆ ಕೆಲಸ ಬರ್ತಿತ್ತು" ಎಂದರು ಗಂಗವ್ವ.

ಬಂದ ಜೀವ ಹೊರಟುಹೋಯಿತು.

ಈಗ ಎಲ್ಲರ ಕಣ್ಣು ಗಂಡಿನ ತಾಯಿಯ ಮೇಲೆ. ಆಕೆ ಸೀರೆಯ ಅರಿಶಿನದ ಕಲೆ ನೋಡಿಕೊಂಡರು. ಮಣೆ ನೋಡಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದರ ಮೇಲೆ ಇಬ್ರೂ ಹಿಡಿಸ್ತಾರಾ?" ಎಂದು ಕೇಳಿದರು.

ಅಷ್ಟೇ ಪ್ರಶ್ನೆ! ಷಡಕ್ಷರಿ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಅಳತೆ ನೋಡಲು ಇಬ್ಬರು ಹುಡುಗಿಯರನ್ನು ಕೂರಿಸಿದರು. ನಾನು ಆಕಾರವನ್ನು ಎಮ್ಮೆಯಷ್ಟು ದೊಡ್ಡದಾಗಿ ಬರೆದಿದ್ದು ಸಾರ್ಥಕವಾಯಿತು. ಹಿಡಿಸಿದರು, ಆದರೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರೆ ಮಾತ್ರ. "ಅದಕ್ಕೇನು, ಯಾರು ಬೇಡ ಅಂತಾರೆ?" ಎಂದರು ಗಂಡಿನ ತಾಯಿ. ಕಾವ್ಯ ನಾಚಿ ಒಳಗೆ ಓಡಿದಳು. ನಿಂತ ಸೋಬಾನೆ ನಿಂತಲ್ಲಿಂದಲೇ ಶುರುವಾಯಿತು.

ನಾನು ಮೆಲ್ಲಗೆ ಜಾರಿಕೊಳ್ಳುತ್ತಿದ್ದೆ. "ಎಲ್ಲಿಗೆ?" ಎಂದಳು ದಾಕ್ಷಾಯಿಣಿ. ಅರಿಶಿನದ ಬಟ್ಟಲನ್ನು ನನ್ನ ಮುಂದೆ ಇಟ್ಟಳು.

"ಹಚ್ಚಿ."

"ನಾನಾ? ಗಂಡಸರು..."

"ಇದ್ದ ಅರಿಶಿನ ತೆಗೆದ ಕಳ್ಳ ಯಾರು?"

ಕೂತೆ. ಪಂಚೆ ಮೇಲೆ ಕಟ್ಟಿಕೊಂಡು, ಹೆಂಗಸರ ನಡುವೆ ಕೂತು, ಇಡೀ ಮಣೆಗೆ ಅರಿಶಿನ ಹಚ್ಚಿದೆ. ಮೇಲೆ, ಕೆಳಗೆ, ನಾನು ಕತ್ತರಿಸಿದ ಸೊಂಟದ ಒಳಗೆ, ಕೊರೆದ ತೂತಿನ ಒಳಗೆ ಬೆರಳು ಹಾಕಿ ಹಾಕಿ ಹಚ್ಚಿದೆ. ಬೆನ್ನು ಹಿಡಿದುಕೊಂಡಿತು. 'ಇಲ್ಲಿ ಬಿಟ್ಟೋಯ್ತು, ಅಲ್ಲಿ ಬಿಟ್ಟೋಯ್ತು' ಎಂದು ಗಂಗವ್ವ ಕುರ್ಚಿಯಿಂದ ಕೋಲು ತೋರಿಸುತ್ತಿದ್ದರು. ದಾಕ್ಷಾಯಿಣಿ ಎದುರು ಕೂತು ಸುಮ್ಮನೆ ನೋಡುತ್ತಿದ್ದಳು. ಅರ್ಧ ಮುಗಿದ ಮೇಲೆ ತಾನೂ ಬಟ್ಟಲಿಗೆ ಬೆರಳದ್ದಿ ಆ ತುದಿಯಿಂದ ಹಚ್ಚಲು ಶುರು ಮಾಡಿದಳು.

"ಫೋನ್ ಮಾಡಿದ್ ದಿನಾನೇ ಯಾಕ್ ಹೇಳ್ಲಿಲ್ಲ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಭಯ ಆಯ್ತು."

"ನನ್ನ ಕಂಡ್ರೆ ಅಷ್ಟು ಭಯಾನಾ ನಿಮಗೆ?"

"ಹೂಂ."

ಬಟ್ಟಲಿಗೆ ಮತ್ತೊಮ್ಮೆ ಬೆರಳದ್ದಿದಳು. "ಇರ್ಲಿ. ಒಳ್ಳೇದು" ಎಂದಳು.

ಮದುವೆ ಚೆನ್ನಾಗಿ ನಡೆಯಿತು. ಮಣೆ ಈಗ ಪದ್ಧತಿಯಂತೆ ಕೆಂಗೇರಿಯಲ್ಲಿದೆ. ನಾಲ್ಕು ತುಂಡುಗಳನ್ನು ದಾಕ್ಷಾಯಿಣಿ ದೇವರ ಗೂಡಿನ ಪಕ್ಕ ಇಟ್ಟುಕೊಂಡಿದ್ದಾಳೆ. ಮುಟ್ಟಲು ನನಗೆ ಪರವಾನಗಿ ಇಲ್ಲ. ನನ್ನ ಪಾಲಿಗೆ ಉಳಿದದ್ದು ಮಂಚದ ಪಟ್ಟಿಯ ಕತ್ತು ಮತ್ತು ನಾಲ್ಕು ಕೇಬಲ್ಲು. ಒಡಲಿಲ್ಲದ ಗಿಟಾರು ಸದ್ದು ಮಾಡುವುದಿಲ್ಲ. ಅದೂ ನಾನೂ ಒಂದೇ ಎಂದುಕೊಂಡು ಪಾರ್ಕಿನಲ್ಲಿ ಮತ್ತೆ ತುಟಿ ಅಲ್ಲಾಡಿಸುತ್ತಿದ್ದೇನೆ.

ಮೊನ್ನೆ ಷಡಕ್ಷರಿಯ ಫೋನು ಬಂತು. ಅವರ ದಾಯಾದಿಗಳಲ್ಲಿ ಇನ್ನೊಂದು ಮದುವೆ ಗೊತ್ತಾಗಿದೆಯಂತೆ.

"ಭಾವ, ಹಿಂದಿನ ದಿನಾನೇ ಬಂದ್ಬಿಡಿ. ಮಣೆ ತೊಳೆದು ಅರಿಶಿನ ಹಚ್ಚೋಕೆ ನೀವಿಲ್ದೆ ಆಗಲ್ಲ ಅಂತ ಚಿಕ್ಕಮ್ಮ ಹೇಳಿದಾರೆ. ಕಾವ್ಯನ ಮದುವೇಲಿ ಮಾಡಿದ್ದನ್ನ ಇನ್ನು ಬಿಡೋ ಹಾಗಿಲ್ವಂತೆ, ಶಾಸ್ತ್ರ ಆಗೋಯ್ತಂತೆ. ಆದ್ರೆ ಭಾವ, ಬರೋವಾಗ ಕೈಯಲ್ಲಿ ಏನೂ ತರಬೇಡಿ. ದಯವಿಟ್ಟು ಏನೂ ತರಬೇಡಿ."

ಹೀಗೆ ನನ್ನ ಹೆಂಡತಿಯ ತವರಿನಲ್ಲಿ ಇನ್ನು ಮುಂದೆ ಹಸೆಮಣೆ ತೊಳೆಯುವ ಶಾಸ್ತ್ರಕ್ಕೆ ಐವರು ಮುತ್ತೈದೆಯರು ಬೇಕು, ಒಬ್ಬ ಕಳ್ಳನೂ ಬೇಕು.